ಎಲ್ಲದಕ್ಕೂ ಸೋದರಿಕೆಯ ಮದುವೆಯೇ ಕಾರಣವಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವಾಚಕರ ಪತ್ರ ವಿಭಾಗದಲ್ಲಿ ನಿವೃತ್ತ ಉಪನ್ಯಾಸಕರೊಬ್ಬರು ಬರೆದಿದ್ದರು. ವಂಶವಾಹಿ ಕಾಯಿಲೆಯ ಮಕ್ಕಳನ್ನು ಹೆತ್ತು ಆಮೇಲೆ ಸರ್ಕಾರದ ಮುಂದೆ ಕೈಚಾಚುವ ಬದಲು ನಮ್ಮ ಜನ ಅಕ್ಕನ ಮಗಳನ್ನು ಮದುವೆಯಾಗುವುದನ್ನು ಬಿಡಲಿ, ಈ ಕಾಯಿಲೆಗಳೆಲ್ಲ ತಾವಾಗಿಯೇ ನಿಲ್ಲುತ್ತವೆ ಎಂದು. ನೋಯಿಸಬೇಕೆಂದು ಬರೆದವರಲ್ಲ ಅಂದುಕೊಂಡಿದ್ದೇನೆ. ಆದರೆ ನಾನು ಆ ಅಕ್ಕನ ಮಗಳು. ಸೋದರಮಾವನನ್ನೇ ಮದುವೆಯಾದವಳು. ನನ್ನ ಮಗನಿಗೆ ಡುಶೇನ್ ಮಸ್ಕ್ಯುಲರ್ ಡಿಸ್ಟ್ರಫಿ ಎಂಬ ಸ್ನಾಯುಗಳು ಸವೆಯುವ ಕಾಯಿಲೆ ಇದೆ. ಈ ಕಾಯಿಲೆಗೂ ನಮ್ಮ ಮದುವೆಗೂ ಯಾವ ನಂಟೂ ಇಲ್ಲ. ನನ್ನ ಅವ್ವ ನನ್ನನ್ನು ಕಾಶಿಯ ಆಚೆ ಕೊಟ್ಟಿದ್ದರೂ ಇಂಥ ಮಗ ಹುಟ್ಟುವ ಸಾಧ್ಯತೆ ಇಷ್ಟೇ ಇರುತ್ತಿತ್ತು.

ಉಪನ್ಯಾಸಕರು ಹೇಳಿದ್ದರಲ್ಲಿ ಸುಳ್ಳಿಲ್ಲದ ಭಾಗವೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಂದೆ ಮತ್ತು ತಾಯಿ ಇಬ್ಬರ ಕಡೆಯಿಂದಲೂ ದೋಷವಿರುವ ಒಂದೊಂದು ಜೀನ್ ಬಂದು ಕೂಡಿದಾಗ ಮಾತ್ರ ಕಾಣಿಸುವ ಕಾಯಿಲೆಗಳಿವೆ. ರಕ್ತ ಸರಿಯಾಗಿ ಆಗದ ಥಲಸ್ಸೇಮಿಯಾ ಅಂಥದ್ದು, ನರ ಸೋತು ಸ್ನಾಯು ಸೊರಗುವ ಎಸ್‌ಎಂಎ ಅಂಥದ್ದು. ಒಂದೇ ಬಳ್ಳಿಯವರು ಮದುವೆಯಾದರೆ ಇಂಥವು ಹೆಚ್ಚಾಗುತ್ತವೆ, ಏಕೆಂದರೆ ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ನಾಲ್ಕರಲ್ಲಿ ಒಂದು ಪಾಲು ಜೀನ್ ಸಮಾನ. ನಮ್ಮ ರಾಜ್ಯದಲ್ಲಿ ಸರಿಸುಮಾರು ನಾಲ್ಕು ಮದುವೆಗಳಲ್ಲಿ ಒಂದು ಸಂಬಂಧದೊಳಗೇ ಆಗಿರುವುದರಿಂದ ಆ ಮಾತನ್ನು ಯಾರಾದರೂ ಹೇಳಬೇಕಾದದ್ದೇ. ನನ್ನ ಮಗಳಿಗೆ ನಾನೂ ಅದನ್ನೇ ಹೇಳುವವಳು. ಆದರೆ ಎಲ್ಲ ವಂಶವಾಹಿ ಕಾಯಿಲೆಗೂ ಅದೇ ಕಾರಣ ಎಂದು ಒಂದೇ ಗೆರೆ ಎಳೆದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆ ಅನುಭವಿಸಿದೆ.

ನಾನು ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಬ್ಲೌಸು, ಶಾಲೆಯ ಸಮವಸ್ತ್ರ, ಸೀರೆಗೆ ಕುಚ್ಚು. ನಮ್ಮ ಮನೆಯವರು ಎಪಿಎಂಸಿಯ ದಲಾಲರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮೊದಲು ಮಗಳು, ಆಮೇಲೆ ಮಗ. ಮಗ ನಡೆದದ್ದು ತಡವಾಗಿ. ನಡೆದ ಮೇಲೂ ಮುಂಗಾಲ ಮೇಲೆ ನಡೆಯುತ್ತಿದ್ದ, ಓಡುವುದು ಬರುತ್ತಿರಲಿಲ್ಲ. ಆದರೆ ಮೀನಖಂಡಗಳು ಮಾತ್ರ ದಪ್ಪ, ಗಟ್ಟಿ. ಅಂಗಡಿಗೆ ಬಂದ ಹೆಂಗಸರು ಹಿಚುಕಿ ನೋಡಿ, ‘ಏನ್ ಮೀನಖಂಡ ಅದಾವ ನೋಡವ್ವಾ, ಪೈಲ್ವಾನ ಆಕ್ಕಾನ ಇಂವ’ ಎನ್ನುತ್ತಿದ್ದರು. ನಮ್ಮ ಓಣಿಯ ತುದಿಗೇ ಗರಡಿಮನೆ ಇದೆ, ಹಾಗಾಗಿ ಆ ಮಾತು ಎಲ್ಲರಿಗೂ ಹಿಡಿಸಿತ್ತು. ಅಲ್ಲಿ ಸ್ನಾಯು ಸತ್ತು ಕೊಬ್ಬು ಮತ್ತು ನಾರು ತುಂಬಿಕೊಳ್ಳುತ್ತಿತ್ತು ಎಂಬುದನ್ನು ಬರಿ ಕಣ್ಣಿನಿಂದ ಯಾರು ಹೇಳಬೇಕು?

ಜ್ವರಕ್ಕೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಎಸ್‌ಜಿಒಟಿ, ಎಸ್‌ಜಿಪಿಟಿ ಹೆಚ್ಚು ಬಂತು. ಲಿವರ್ ತೊಂದರೆ ಎಂದರು. ಎಣ್ಣೆ ಬಿಡಿಸಿ, ಖಾರ ಬಿಡಿಸಿ, ಸಿರಪ್ಪು ಕುಡಿಸಿ ತಿಂಗಳುಗಟ್ಟಲೆ ಕಳೆದೆವು. ಆ ಎರಡು ಕಿಣ್ವಗಳು ಲಿವರಿನಲ್ಲಿ ಮಾತ್ರವಲ್ಲ, ಸ್ನಾಯುವಿನಲ್ಲೂ ಇರುತ್ತವೆ. ಸ್ನಾಯು ಒಡೆದರೂ ರಕ್ತದಲ್ಲಿ ಏರುತ್ತವೆ. ಈ ಕಾಯಿಲೆಯ ಬಹಳಷ್ಟು ಮಕ್ಕಳು ಹೀಗೆ ಲಿವರಿನ ದಾರಿಯಲ್ಲಿ ಒಂದು ಸುತ್ತು ಹಾಕಿಯೇ ಬರುತ್ತಾರೆ ಎಂದು ಮುಂದೆ ಬೇರೆ ತಾಯಂದಿರಿಂದ ತಿಳಿಯಿತು.

ಒಂದನೇ ತರಗತಿಯಲ್ಲಿದ್ದಾಗ ಶಾಲೆಗೆ ಆರೋಗ್ಯ ತಪಾಸಣೆಯ ತಂಡ ಬಂದಿತ್ತು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಗಾಡಿ. ಅದರಲ್ಲಿದ್ದ ಡಾಕ್ಟರಮ್ಮ ಹಲ್ಲು, ಕಣ್ಣು ನೋಡಿ ಬಿಡಲಿಲ್ಲ. ಇವನನ್ನು ನೆಲಕ್ಕೆ ಕೂರಿಸಿ, ಎದ್ದೇಳು ಎಂದರು. ಅವನು ಎಂದಿನಂತೆ ಮೊದಲು ಬೋರಲಾಗಿ, ಅಂಗೈ ಊರಿ, ಕುಂಡೆ ಎತ್ತಿ, ಮೊಣಕಾಲ ಮೇಲೆ ಕೈ, ಆಮೇಲೆ ತೊಡೆಯ ಮೇಲೆ ಕೈ ಇಟ್ಟು, ತನ್ನ ಮೈಯನ್ನು ತಾನೇ ಹತ್ತಿದವನ ಹಾಗೆ ಎದ್ದು ನಿಂತ. ಇದಕ್ಕೆ ಗೋವರ್ಸ್ ಚಿಹ್ನೆ ಎನ್ನುತ್ತಾರೆ. 1879ರಲ್ಲಿ ಇಂಗ್ಲೆಂಡಿನ ವೈದ್ಯರೊಬ್ಬರು ಇದನ್ನು ವಿವರಿಸಿ ಬರೆದಿದ್ದರಂತೆ. ಯಂತ್ರ ಬೇಡ, ಖರ್ಚಿಲ್ಲ, ಒಂದು ನಿಮಿಷದ ಕೆಲಸ. ಸ್ನಾಯು ಒಡೆಯುತ್ತಿರುವುದನ್ನು ತೋರಿಸುವ ಸಿಪಿಕೆ ಎಂಬ ರಕ್ತ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಇನ್ನೂರರ ಒಳಗಿರಬೇಕಾದದ್ದು ನನ್ನ ಮಗನಿಗೆ ಹದಿನೆಂಟು ಸಾವಿರ ದಾಟಿತ್ತು. ಆ ಡಾಕ್ಟರಮ್ಮನ ಹೆಸರು ಕೇಳಿಕೊಳ್ಳಲಿಲ್ಲ. ಈಗಲೂ ಆ ಬಿಳಿ ಗಾಡಿ ಕಂಡರೆ ಒಳಗೆ ಇಣುಕುತ್ತೇನೆ.

ಅಲ್ಲಿಂದ ಮುಂದಿನದನ್ನು ಹೇಳಲಿಕ್ಕೇ ಈ ಪತ್ರ. ದೊಡ್ಡ ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಜೀನ್ ಪರೀಕ್ಷೆಗೆ ರಕ್ತ ಕೊಟ್ಟೆವು. ವರದಿ ಬಂದ ದಿನ ಕರೆದರು. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು, ವೈದ್ಯರ ಮೇಲೆ ನನಗೇನೂ ಸಿಟ್ಟಿಲ್ಲ. ವರದಿ ತಿರುವಿ, ತಲೆ ಎತ್ತದೆ, ‘ಸಂಬಂಧದಲ್ಲಿ ಮದುವೆಯಾ?’ ಎಂದರು. ‘ಹೌದ್ರಿ, ಸೋದರಮಾವ’ ಎಂದರು ನಮ್ಮ ಮನೆಯವರು. ‘ಅದಕ್ಕೇ’ ಎಂದರು ವೈದ್ಯರು. ಆಮೇಲೆ, ಇದಕ್ಕೆ ಔಷಧ ಇಲ್ಲ, ಹತ್ತು ಹನ್ನೆರಡು ವಯಸ್ಸಿಗೆ ನಡಿಗೆ ನಿಲ್ಲುತ್ತದೆ, ಇನ್ನೊಂದು ಮಗುವಿನ ವಿಚಾರ ಮಾಡಬೇಡಿ, ತಾಯಿಯ ರಕ್ತವನ್ನೂ ಪರೀಕ್ಷೆಗೆ ಕೊಡಿ ಎಂದರು. ಮಗ ಅಲ್ಲೇ ಇದ್ದ, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕಿವಿಯ ಮಾದರಿಯನ್ನು ಬಿಚ್ಚಿ ಜೋಡಿಸುತ್ತಿದ್ದ. ಅವನಿಗೆ ಎಷ್ಟು ಕೇಳಿತೋ. ಹೊರಗೆ ಬಂದು ಮಗನಿಗೆ ಬನ್ನು ಕೊಡಿಸಿದೆವು. ನಮ್ಮ ಮನೆಯವರು ಫೋನಿನಲ್ಲಿ ಅಣ್ಣನಿಗೆ ಹೇಳಿದ್ದು ಒಂದೇ ಮಾತು, ‘ನಾವು ಕೂಡಬಾರದಿತ್ತಂತ.’

ಮನೆ ಮುಟ್ಟುವ ಹೊತ್ತಿಗೆ ಸುದ್ದಿ ಬಳಗಕ್ಕೆಲ್ಲ ಮುಟ್ಟಿತ್ತು. ರಕ್ತಕ್ಕೆ ರಕ್ತ ಕೂಡಿಸಿದರೆ ಹಿಂಗ ಆಗತೈತಿ ಎಂದು ನಮ್ಮ ಮದುವೆಯಲ್ಲಿ ಹೋಳಿಗೆ ಉಂಡವರೇ ಹೇಳಿದರು. ನಮ್ಮ ಅವ್ವ ತನ್ನ ತಮ್ಮನಿಗೆ ಮಗಳನ್ನು ಕೊಟ್ಟವಳು, ಅವಳು ಊಟ ಬಿಟ್ಟಳು. ಎರಡು ತಿಂಗಳಾದ ಮೇಲೆ ನನ್ನ ರಕ್ತದ ವರದಿ ಬಂತು, ತಾಯಿ ವಾಹಕಳು ಎಂದು, ಅಂದರೆ ದೋಷದ ಜೀನ್ ನನ್ನ ಮೈಯಲ್ಲೂ ಇದೆ ಎಂದು. ಆಗ ಮಾತು ದಿಕ್ಕು ಬದಲಿಸಿತು. ಮದುವೆಯ ತಪ್ಪಾಗಿದ್ದದ್ದು ನನ್ನ ಮೈಯ ತಪ್ಪಾಯಿತು. ನಮ್ಮ ಮನೆಯವರಿಗೆ ಇನ್ನೊಂದು ಮದುವೆ ಮಾಡೋಣ ಎಂದು ಒಬ್ಬರು ಕೇಳಿಯೂ ಬಿಟ್ಟರು. ಅವರ ಲೆಕ್ಕ ತಪ್ಪೇನಲ್ಲ, ಅದೇ ಕಹಿ. ಬೇರೆ ಹೆಂಡತಿಯಾದರೆ ಅವರ ಗಂಡುಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ. ನಮ್ಮ ಮನೆಯವರು ಆ ಮಾತು ಆಡಿದವರ ಮನೆಗೆ ಹೋಗುವುದನ್ನು ಬಿಟ್ಟರು, ನನಗೆ ಏನೂ ಹೇಳಲಿಲ್ಲ. ನನಗೆ ತಿಳಿದದ್ದು ನೆಗೆಣ್ಣಿಯಿಂದ.

ಎರಡೂ ವರದಿಯ ಕೊನೆಯ ಸಾಲು ಒಂದೇ. ತಳಿಸಲಹೆ, ಅಂದರೆ ಕಾಯಿಲೆ ಮನೆತನದಲ್ಲಿ ಹೇಗೆ ಇಳಿದು ಬರುತ್ತದೆ ಎಂದು ತಿಳಿದವರು ಬಿಡಿಸಿ ಹೇಳುವುದು, ಅದನ್ನು ಪಡೆಯಿರಿ ಎಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯ. ಎಲ್ಲ ಜೀನ್ ವರದಿಗಳ ಕೊನೆಗೂ ಅದನ್ನು ಅಚ್ಚು ಹಾಕಿರುತ್ತಾರೆ. ಎಲ್ಲಿ, ಯಾರ ಹತ್ತಿರ, ಯಾವ ಭಾಷೆಯಲ್ಲಿ ಎಂದು ಎಲ್ಲಿಯೂ ಇರುವುದಿಲ್ಲ. ಮಗಳ ಶಾಲೆಯ ಟೀಚರ್ ಅದನ್ನು ಓದಿ ಹೇಳಿದ ಮೇಲೆಯೇ ಹಾಗೊಂದು ಕೆಲಸ ಇದೆ ಎಂದು ನಮಗೆ ಗೊತ್ತಾಯಿತು. ಅದನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಲು ವರ್ಷವೇ ಹಿಡಿಯಿತು.

ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಹೋದೆವು. ಮನೆಯ ಹಿರಿಯರು ಯಾರಾದರೂ ಇದ್ದರೆ ಕರೆತನ್ನಿ ಎಂದು ಫೋನಿನಲ್ಲಿ ಹೇಳಿದ್ದರು, ಹಾಗಾಗಿ ನಮ್ಮ ಆಯಿಯೂ ಬಂದಳು. ಆಯಿ ಎಂದರೆ ನನ್ನ ಅವ್ವನ ಅವ್ವ, ನನಗೆ ಅತ್ತೆಯೂ ಹೌದು. ನನ್ನ ಮಗ ಅವಳಿಗೆ ಒಂದು ಕಡೆಯಿಂದ ಮೊಮ್ಮಗ, ಇನ್ನೊಂದು ಕಡೆಯಿಂದ ಮರಿಮಗ. ಸಲಹೆ ಕೊಡುವ ಹೆಣ್ಣುಮಗಳು ನನಗಿಂತ ಚಿಕ್ಕವಳು, ಮೈಸೂರ ಕಡೆಯ ಕನ್ನಡ. ಮೊದಲು ನಮ್ಮನ್ನು ಕೂರಿಸಿದಳು, ಬಾಗಿಲು ಹಾಕಿದಳು, ಮಗನಿಗೆ ಹೊರಗೆ ಆಟದ ಸಾಮಾನು ಕೊಟ್ಟು ಇನ್ನೊಬ್ಬರ ಹತ್ತಿರ ಬಿಟ್ಟಳು. ಆಮೇಲೆ ಒಂದು ಬಿಳಿ ಹಾಳೆ ತೆಗೆದು, ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು ಎಂದು ಬರೆಯತೊಡಗಿದಳು.

ನಮ್ಮ ಕಡೆ ಹೆಳವರು ಬರುತ್ತಾರೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಮೋಟರ್ ಸೈಕಲ್ಲಿನ ಮೇಲೂ ಬರುತ್ತಾರೆ. ಅಂಗಳದಲ್ಲಿ ಕೂತು ನಮ್ಮ ಮನೆತನದ ಹತ್ತಾರು ತಲೆಮಾರನ್ನು ಹೇಳುತ್ತಾರೆ, ಯಾರು ಎಲ್ಲಿಂದ ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು, ಯಾರು ಯಾವ ಹೊಲ ಹಿಡಿದರು. ನನ್ನ ಮಗ ಹುಟ್ಟಿದ ಮೇಲೆ ಬಂದವನು ಅವನ ಹೆಸರು ಬರೆದುಕೊಂಡು ಜೋಳ, ದುಡ್ಡು, ಧೋತರ ತೆಗೆದುಕೊಂಡು ಹೋದ. ನಮ್ಮ ಹೆಳವನ ಪುಸ್ತಕದಲ್ಲಿ ನಾನಿಲ್ಲ. ಅವ್ವ ಇಲ್ಲ. ಆಯಿ ಈ ಮನೆಗೆ ಸೊಸೆಯಾಗಿ ಬಂದವಳು, ಅವಳ ತವರಿನ ಮಾತು ಇನ್ನೊಬ್ಬ ಹೆಳವನದು. ಈ ಕಾಯಿಲೆಯ ದಾರಿ ಪೂರ್ತಿ ಹೆಂಗಸರ ಮೂಲಕವೇ. ಅದನ್ನು ಬರೆದಿಟ್ಟುಕೊಂಡ ಪುಸ್ತಕ ಒಂದೂ ಇರಲಿಲ್ಲ.

ಸಲಹೆ ಕೊಡುವ ಆ ಹುಡುಗಿ ಆಯಿಯನ್ನು ಕೇಳಿದಳು, ‘ಅಜ್ಜಿ, ನಿಮ್ಮ ಪೈಕಿ ಯಾರಾದರೂ ಗಂಡುಮಕ್ಕಳು ಚಿಕ್ಕ ವಯಸ್ಸಿಗೆ ನಡೆಯೋದು ನಿಲ್ಲಿಸಿದ್ದರಾ?’ ಆಯಿ ಬಹಳ ಹೊತ್ತು ಸೆರಗು ಸರಿಮಾಡಿಕೊಂಡಳು. ಆಮೇಲೆ ಹೇಳಿದಳು, ‘ನನ್ನ ತಮ್ಮನೂ ಹಿಂಗ ತೊಡಿ ಮ್ಯಾಲೆ ಕೈ ಊರಿ ಏಳತಿದ್ದ. ಆಮ್ಯಾಲ ಏಳಲೇ ಇಲ್ಲ. ಬಯಲಕಡಿಗೆ ನಾನ ಹೊತಗೊಂಡ ಹೋಗತಿದ್ನಿ.’ ಹದಿನಾರು ತುಂಬುವ ಮೊದಲೇ ಹೋದನಂತೆ. ನಾಗರ ಕಾಟ ಎಂದು ಎಲ್ಲರೂ ತಿಳಿದಿದ್ದರು, ಕಲ್ಲು ನಿಲ್ಲಿಸಿದ್ದರು. ಆಯಿಗೆ ಇದ್ದ ಒಬ್ಬನೇ ತಮ್ಮ. ಅವನ ಹೆಸರು ನಾನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಕೇಳಿದ್ದೇ ಇಲ್ಲ. 1986ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಯ ಜೀನ್ ಪತ್ತೆಯಾಗುವ ಹೊತ್ತಿಗೆ ಅವನು ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು.

ಹಾಳೆಯ ಮೇಲೆ ಆಯಿಯ ತಮ್ಮನ ಚೌಕ ಕಪ್ಪಾಯಿತು. ಆಯಿಯ ಸುತ್ತಿನ ನಡುವೆ ಒಂದು ಚುಕ್ಕೆ. ಅವ್ವನ ಸುತ್ತಿನಲ್ಲಿ ಚುಕ್ಕೆ. ನನ್ನದರಲ್ಲಿ ಚುಕ್ಕೆ. ಕೊನೆಗೆ ನನ್ನ ಮಗನ ಕಪ್ಪು ಚೌಕ. ನಮ್ಮ ಮನೆಯವರ ಚೌಕ ಖಾಲಿ, ನನಗೂ ಅವರಿಗೂ ನಡುವೆ ಸಂಬಂಧದ ಮದುವೆಗೆ ಹಾಕುವ ಎರಡು ಗೆರೆ. ಆ ಹುಡುಗಿ ಪೆನ್ನಿನ ತುದಿಯಿಂದ ಎರಡು ಗೆರೆಯನ್ನು ತೋರಿಸಿ, ‘ಇದರಿಂದ ಬಂದಿದ್ದಲ್ಲ’ ಎಂದಳು. ನಮ್ಮ ಮನೆಯವರು ಇನ್ನೊಮ್ಮೆ ಹೇಳ್ರಿ ಎಂದರು. ಅವಳು ಇನ್ನೊಮ್ಮೆ ಹೇಳಿದಳು.

ಹೇಳಿದ್ದು ಹೀಗೆ. ಈ ಜೀನ್ ಎಕ್ಸ್ ಎಂಬ ವರ್ಣತಂತುವಿನ ಮೇಲಿದೆ. ಹೆಂಗಸರಿಗೆ ಎಕ್ಸ್ ಎರಡು, ಒಂದು ಕೆಟ್ಟರೆ ಇನ್ನೊಂದು ಸಾಮಾನ್ಯವಾಗಿ ಕೆಲಸ ನಡೆಸುತ್ತದೆ. ಗಂಡಸಿಗೆ ಒಂದೇ, ಅದೂ ತಾಯಿಯಿಂದ ಬಂದದ್ದು. ತಂದೆ ಮಗನಿಗೆ ಕೊಡುವುದು ವೈ ಎಂಬ ಬೇರೆ ವರ್ಣತಂತು. ಹಾಗಾಗಿ ತಂದೆ ಅಣ್ಣನ ಪೈಕಿಯೋ, ಮಾವನೋ, ಪರ ಊರಿನವನೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ವಾಹಕ ತಾಯಿಯ ಪ್ರತಿ ಗಂಡು ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಪ್ರತಿ ಹೆಣ್ಣು ಮಗುವೂ ವಾಹಕಳಾಗುವ ಸಾಧ್ಯತೆ ಅರ್ಧಕ್ಕರ್ಧ. ಇನ್ನೊಂದು ಮಾತನ್ನು ಎಲ್ಲ ತಾಯಂದಿರೂ ಕೇಳಿಸಿಕೊಳ್ಳಬೇಕು. ಈ ಕಾಯಿಲೆಯ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ತಾಯಿಯಿಂದ ಬಂದೇ ಇರುವುದಿಲ್ಲ, ಆ ಮಗುವಿನಲ್ಲೇ ಹೊಸದಾಗಿ ಆದ ಬದಲಾವಣೆ. ಅಂಥ ತಾಯಿಯನ್ನೂ ನಮ್ಮಲ್ಲಿ ಪರೀಕ್ಷೆಗೆ ಮೊದಲೇ ಅಪರಾಧಿ ಮಾಡಿರುತ್ತಾರೆ.

ವರದಿಯಲ್ಲಿದ್ದ ‘45ರಿಂದ 50’ ಎಂಬುದನ್ನೂ ಅವಳೇ ಬಿಡಿಸಿದಳು. ಡಿಸ್ಟ್ರೋಫಿನ್ ಎಂಬ ಈ ಜೀನ್ ಮನುಷ್ಯರ ಜೀನ್‌ಗಳಲ್ಲೇ ಅತಿ ಉದ್ದದ್ದು, ಅದರಲ್ಲಿ ಎಕ್ಸಾನ್ ಎನ್ನುವ 79 ತುಂಡುಗಳು. ನನ್ನ ಮಗನಿಗೆ 45ರಿಂದ 50ರವರೆಗಿನವು ಇಲ್ಲ. ಆರು ತುಂಡು ಹೋದರೆ ಉಳಿದ ಎಪ್ಪತ್ತಮೂರು ಯಾಕೆ ಕೆಲಸ ಮಾಡುವುದಿಲ್ಲ ಎಂದು ನಾನು ಕೇಳಿದೆ. ಉತ್ತರ ನನಗೆ ತಟ್ಟನೆ ಹೊಳೆದದ್ದು ಹೊಲಿಗೆಯವಳಾಗಿರುವುದಕ್ಕೆ. ಬ್ಲೌಸಿನ ನಡುವಿನ ಒಂದು ತುಂಡು ಕಳೆದುಹೋದಾಗ ಉಳಿದ ಎರಡು ಅಂಚುಗಳು ಒಂದಕ್ಕೊಂದು ಹೊಂದಿದರೆ ಬಿಗಿಯಾದರೂ ಒಂದು ಬ್ಲೌಸು ಆಗುತ್ತದೆ, ಅಂಚು ಹೊಂದದಿದ್ದರೆ ಮುಂದಿನ ಹೊಲಿಗೆಯೆಲ್ಲ ಓರೆ. ಅಂಚು ಹೊಂದಿಕೊಂಡವರಿಗೆ ಬರುವುದು ಬೆಕರ್ ಎಂಬ ಸೌಮ್ಯ ರೂಪ, ಅವರು ಎಷ್ಟೋ ವರ್ಷ ನಡೆಯುತ್ತಾರೆ. ನನ್ನ ಮಗನದು ಹೊಂದಿಲ್ಲ. 51ನೇ ತುಂಡನ್ನೂ ಬಿಟ್ಟುಬಿಟ್ಟರೆ ಹೊಂದುತ್ತದೆ, ಹಾಗೆ ಬಿಡಿಸುವ ಒಂದು ಔಷಧಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿದೆ, ಅದರಿಂದ ಎಷ್ಟು ಉಪಯೋಗ ಎಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ, ಬೆಲೆ ವರ್ಷಕ್ಕೆ ಕೋಟಿಗಳಲ್ಲಿ ಎಂದಳು. ಆಸೆ ಹುಟ್ಟಿಸಲೂ ಇಲ್ಲ, ಕತ್ತು ಹಿಸುಕಲೂ ಇಲ್ಲ. ನಮ್ಮಂಥವರ ಜೊತೆ ಹೀಗೆ ಮಾತಾಡುವ ಕಸುಬೊಂದಿದೆ ಎಂಬುದೇ ನನಗೆ ಆಶ್ಚರ್ಯ.

ಆಮೇಲೆ ಅವಳು ಹೇಳಿದ ಎರಡು ಸಂಗತಿಗಳನ್ನು ದೊಡ್ಡ ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ. ಒಂದು, ವಾಹಕ ಹೆಂಗಸರಲ್ಲಿ ಕೆಲವರಿಗೆ ಹೃದಯದ ಸ್ನಾಯು ದುರ್ಬಲವಾಗಬಹುದು, ಹಾಗಾಗಿ ನಾನು ಮತ್ತು ಅವ್ವ ಕೆಲವು ವರ್ಷಕ್ಕೊಮ್ಮೆ ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿಸಿಕೊಳ್ಳಬೇಕು, ಆಯಿಯೂ ಒಮ್ಮೆ ಮಾಡಿಸಬೇಕು. ಮಗನಿಗಾಗಿ ಓಡಾಡುವಾಗ ತನ್ನ ಎದೆಯ ಬಗ್ಗೆ ಯಾವ ತಾಯಿಗೆ ನೆನಪಿರುತ್ತದೆ? ಎರಡನೆಯದು, ನನ್ನ ತಂಗಿ.

ತಂಗಿಯನ್ನು ಹೊರಗಿನವರಿಗೆ ಕೊಟ್ಟಿದ್ದೇವೆ, ಬಾಗಲಕೋಟೆ ಜಿಲ್ಲೆ. ಆಗ ಅವಳು ಎರಡು ತಿಂಗಳ ಬಸುರಿ. ನಾನು ವಾಹಕಳಾದರೆ ಅವಳೂ ಆಗಿರುವ ಸಾಧ್ಯತೆ ಅರ್ಧ. ಹೆರಿಗೆ ಆಗುವ ತನಕ ಹೇಳಬೇಡ, ಅತ್ತೆಯ ಮನೆಯವರಿಗೆ ತಿಳಿದರೆ ಮುಗಿಯಿತು ಎಂದಳು ಅವ್ವ. ಹೆತ್ತವಳ ಭಯ, ತಪ್ಪೆನ್ನಲಾರೆ. ಆದರೆ ಮೊದಲು ಅವಳ ರಕ್ತ ಪರೀಕ್ಷೆ ಆಗಬೇಕು, ಬೇಕಾದರೆ ಮಗುವಿನದು 11ರಿಂದ 14ನೇ ವಾರದೊಳಗೆ, ಇಲ್ಲವಾದರೆ 16 ವಾರದ ಸುಮಾರಿಗೆ ಗರ್ಭಜಲ ತೆಗೆದು. ಪ್ರತಿ ವರದಿಗೂ ವಾರಗಟ್ಟಲೆ ಕಾಯಬೇಕು. ವಾರಗಳು ಯಾರ ಮರ್ಯಾದೆಗೂ ನಿಲ್ಲುವುದಿಲ್ಲ. ನಾನು ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇರಲಿಲ್ಲ, ಆಮೇಲೆ ‘ಅಕ್ಕಾ, ಎಲ್ಲಿ ಹೋಗಬೇಕು ಹೇಳ’ ಎಂದಳು.

ಅವಳು ತಮ್ಮ ಊರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಮೊದಲು ಕೇಳಿದ್ದಕ್ಕೆ, ಗಂಡೋ ಹೆಣ್ಣೋ ಕೇಳಲು ಇದೊಂದು ಹೊಸ ನೆಪ ಎಂದು ಬೈದು ಕಳಿಸಿದರು. ಗೋಡೆಯ ಮೇಲೆ ಲಿಂಗ ಪತ್ತೆ ಶಿಕ್ಷಾರ್ಹ ಎಂಬ ಫಲಕ ಇರುತ್ತದಲ್ಲ, ಅದನ್ನೇ ತೋರಿಸಿದರು. ಆ ಕಾನೂನು ಇರಲೇಬೇಕು, ನಮ್ಮ ಕಡೆ ಹೆಣ್ಣು ಭ್ರೂಣಗಳಿಗೆ ಏನಾಗಿದೆ ಎಂದು ನನಗೆ ಗೊತ್ತು. ಆದರೆ 1994ರ ಅದೇ ಕಾಯ್ದೆಯಲ್ಲಿ, ಯಾವ ಕಾರಣಗಳಿಗೆ ಗರ್ಭದಲ್ಲಿ ಪರೀಕ್ಷೆ ಮಾಡಬಹುದು ಎಂಬ ಪಟ್ಟಿಯೂ ಇದೆ. ಲಿಂಗಸಂಬಂಧಿ ವಂಶವಾಹಿ ಕಾಯಿಲೆ ಎಂಬುದು ಆ ಪಟ್ಟಿಯಲ್ಲಿ ಸ್ಪಷ್ಟವಾಗಿ ಇದೆ. ನೋಂದಾಯಿತ ಕೇಂದ್ರದಲ್ಲಿ, ಲಿಖಿತ ಒಪ್ಪಿಗೆಯೊಂದಿಗೆ ಅದು ಆಕೆಯ ಹಕ್ಕು. ಫಲಕದಲ್ಲಿ ಇದಕ್ಕೂ ಒಂದು ಸಾಲು ಜಾಗ ಮಾಡಬಹುದಿತ್ತು.

ತಂಗಿಯ ಪರೀಕ್ಷೆಯಲ್ಲಿ ಏನು ಬಂತು, ಅವಳು ಏನು ತೀರ್ಮಾನ ಮಾಡಿದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳದು. ಸಮಯಕ್ಕೆ ಗೊತ್ತಾಯಿತು ಎಂಬುದಷ್ಟೇ ನಾನು ಹೇಳಬಹುದಾದದ್ದು. ಆಯಿಗೆ ಗೊತ್ತಾಗಿರಲಿಲ್ಲ, ಅವ್ವನಿಗೆ ಗೊತ್ತಾಗಿರಲಿಲ್ಲ, ನನಗೂ ಗೊತ್ತಾಗಿರಲಿಲ್ಲ.

ಬೆಂಗಳೂರಿಂದ ಬರುವಾಗ ರೈಲಿನಲ್ಲಿ ಆಯಿ ನಿದ್ದೆ ಮಾಡಲಿಲ್ಲ. ‘ಹಂಗಾರ ಇದು ನನ್ನಿಂದ ಬಂತು’ ಎಂದಳು. ಸೊಸೆಯಿಂದ ಬಂತು ಎಂದು ಬಳಗದವರ ಜೊತೆ ಮೊದಲು ತಲೆಯಾಡಿಸಿದ್ದವಳೇ ಅವಳು. ನನಗೆ ಒಂದು ಕ್ಷಣ ಹಗುರಾಯಿತು, ಸುಳ್ಳೇಕೆ ಹೇಳಲಿ. ನಮ್ಮ ಮನೆಯವರು ಮೇಲಿನ ಬರ್ತಿನಿಂದ ಇಳಿದು ಬಂದು, ‘ಅವ್ವಾ, ನಿಂಗ ನಿಮ್ಮವ್ವ ಕೊಟ್ಟಾಳ, ಆಕಿಗೆ ಯಾರ ಕೊಟ್ರೋ, ಎಲ್ಲಿ ತನಕ ಹುಡುಕತಿ, ಮಲಕೋ’ ಎಂದರು. ಅವಳು ಮಲಗಲಿಲ್ಲ. ಅರಸೀಕೆರೆ ದಾಟುವವರೆಗೂ ತಮ್ಮನ ಬಗ್ಗೆ ಹೇಳಿದಳು. ಗೋಲಿ ಆಟದಲ್ಲಿ ಅವನನ್ನು ಸೋಲಿಸಿದವರಿರಲಿಲ್ಲವಂತೆ, ಕೂತಲ್ಲಿಂದಲೇ ಆಡುತ್ತಿದ್ದನಂತೆ. ಈಗ ಮಗನ ಹಿಮ್ಮಡಿಗೆ ದಿನವೂ ಬೆಳಿಗ್ಗೆ ವ್ಯಾಯಾಮ ಮಾಡಿಸುವವಳು ಆಯಿಯೇ. ಮೊಣಕಾಲು ನೆಟ್ಟಗೆ ಹಿಡಿದು ಪಾದವನ್ನು ಮೇಲಕ್ಕೆ ಒತ್ತಿ ಎಣಿಸುವುದು, ಅವಳು ತಪ್ಪಿಸುವುದಿಲ್ಲ.

ಔಷಧ ಇಲ್ಲ ಎಂದು ಹೇಳಿ ಕಳಿಸಿದರಲ್ಲ, ಅದೂ ಪೂರ್ತಿ ನಿಜವಲ್ಲ. ಗುಣಪಡಿಸುವ ಔಷಧವಿಲ್ಲ, ನಿಧಾನ ಮಾಡುವವು ಇವೆ. ಡೆಫ್ಲಜಕಾರ್ಟ್ ಎಂಬ ಸ್ಟೀರಾಯ್ಡ್ ಮಾತ್ರೆ ಸಮಯಕ್ಕೆ ಶುರುವಾದರೆ ನಡಿಗೆಯ ಕಾಲ ಹೆಚ್ಚುತ್ತದೆ. ಮುಖ ಊದುತ್ತದೆ, ಎತ್ತರ ನಿಲ್ಲುತ್ತದೆ, ಒಮ್ಮೆಲೇ ಬಿಡುವಂತಿಲ್ಲ, ಅದೆಲ್ಲ ಇದ್ದೇ ಇದೆ. ರಾತ್ರಿ ಕಾಲಿಗೆ ಸ್ಪ್ಲಿಂಟು, ವರ್ಷಕ್ಕೊಮ್ಮೆ ಹೃದಯದ ಪರೀಕ್ಷೆ, ಮುಂದೆ ಉಸಿರಾಟದ್ದು. ಯಾವ ಆಪರೇಷನ್ನಿಗೆ ಹೋದರೂ ಅರಿವಳಿಕೆ ಕೊಡುವವರಿಗೆ ಕಾಯಿಲೆಯ ಹೆಸರು ಮೊದಲೇ ಹೇಳಬೇಕು, ಕೆಲವು ಚುಚ್ಚುಮದ್ದು ಇವರ ಜೀವಕ್ಕೇ ಅಪಾಯ. ಹಿಂದೆ ಹದಿಹರೆಯದಲ್ಲೇ ಹೋಗುತ್ತಿದ್ದ ಹುಡುಗರು ಈಗ ಒಳ್ಳೆಯ ಆರೈಕೆ ಸಿಕ್ಕಿದಲ್ಲಿ ಮೂವತ್ತರ ಆಚೆಗೂ ಬದುಕುತ್ತಿದ್ದಾರೆ. ಹೇಳುವವರಿಲ್ಲದ ಆ ವರ್ಷದಲ್ಲಿ ನಾವು ಕೇಳಿದ್ದು ಬೇರೆಯವರ ಮಾತು. ಒಬ್ಬ ಏಜೆಂಟ್ ಮನೆಗೇ ಬಂದು ಹೊಸ ಜೀವಕೋಶ ಕೊಟ್ಟು ಗುಣಪಡಿಸುವ ಸ್ಟೆಮ್ ಸೆಲ್ ಪ್ಯಾಕೇಜು ಎಂದು ಲಕ್ಷಗಳ ಲೆಕ್ಕ ಹೇಳಿದ, ನಮ್ಮ ಮನೆಯವರು ಹೊಲ ಮಾರುವ ಮಾತಾಡಿದ್ದೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಅನುಮತಿ ಪಡೆದ ಪ್ರಯೋಗದ ಹೊರಗೆ ಈ ಕಾಯಿಲೆಗೆ ಸ್ಟೆಮ್ ಸೆಲ್ ಕೊಡುವಂತೆಯೇ ಇಲ್ಲ. ಊರವರು ಮಾತ್ರ ಇವತ್ತಿಗೂ ಕೇಳುತ್ತಾರೆ, ಟೀವಿಯಲ್ಲಿ ಬಂದಿತ್ತಲ್ಲ, ಹದಿನಾರು ಕೋಟಿಯ ಇಂಜೆಕ್ಷನ್, ಅದು ಕೊಡಿಸಿದರೆ ಆಗುವುದಿಲ್ಲವೇ ಎಂದು. ಅದು ಎಸ್‌ಎಂಎ ಎಂಬ ಬೇರೆ ಕಾಯಿಲೆಯದು. ನಿಮ್ಮಂಥ ಪತ್ರಿಕೆಗಳು ದುಡ್ಡಿನ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕುವಾಗ ಕಾಯಿಲೆಯ ಹೆಸರನ್ನೂ ಅಷ್ಟೇ ದಪ್ಪ ಹಾಕಿದರೆ ನನಗೆ ಅಂಗಡಿಯಲ್ಲಿ ಮಾತು ಕಡಿಮೆಯಾಗುತ್ತದೆ.

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಡುಶೇನ್ ಇದೆ, ಚಿಕಿತ್ಸೆ ಬಹಳ ದುಬಾರಿಯಾದ ಕಾಯಿಲೆಗಳ ಮೂರನೇ ಗುಂಪಿನಲ್ಲಿ. 50 ಲಕ್ಷ ರೂಪಾಯಿವರೆಗೆ ನೆರವು ಎಂಬುದು ಮರುವರ್ಷ ಸೇರಿದ ತಿದ್ದುಪಡಿ. ಅದಕ್ಕೆ ನಮ್ಮ ರಾಜ್ಯದಿಂದ ಗುರುತಿಸಿದ ಕೇಂದ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲೂ ಮಸ್ಕ್ಯುಲರ್ ಡಿಸ್ಟ್ರಫಿ ಇದೆ, ನನ್ನ ಮಗನಿಗೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಆಗಿದೆ. ಕೋಟಿಯ ಔಷಧದ ಜಗಳವನ್ನು ಕೋರ್ಟಿನಲ್ಲಿ ಬೇರೆಯವರು ಮಾಡುತ್ತಿದ್ದಾರೆ, ಮಾಡಲಿ. ನಾನು ಕೇಳುತ್ತಿರುವುದು ಅದಕ್ಕಿಂತ ಬಹಳ ಅಗ್ಗದ್ದು.

ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ, ಮಕ್ಕಳ ಶೀಘ್ರ ಪತ್ತೆ ಕೇಂದ್ರದ ಪಕ್ಕದಲ್ಲಿ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಮತ್ತು ಹೀಗೆ ಹಾಳೆ ಹಿಡಿದು ಕನ್ನಡದಲ್ಲಿ ಮಾತಾಡಬಲ್ಲ, ತರಬೇತಿ ಪಡೆದ ಒಬ್ಬರು. ವಾರಕ್ಕೆರಡು ದಿನ ಬಂದರೂ ಸಾಕು, ಬೆಂಗಳೂರಿನಿಂದ ವಿಡಿಯೊದಲ್ಲಾದರೂ ಸರಿ. ಜೀನ್ ವರದಿಯನ್ನು ಅವರ ಕೈಯಿಂದಲೇ ಕೊಡಬೇಕು, ಕೌಂಟರಿನ ಕಿಟಕಿಯಿಂದ ಅಲ್ಲ. ವಾಹಕ ಎಂದು ಬಂದ ಹೆಂಗಸಿನ ಅಕ್ಕತಂಗಿಯರ ಪರೀಕ್ಷೆ ಸರ್ಕಾರದ ಖರ್ಚಿನಲ್ಲಿ ಆಗಬೇಕು. ಒಂದು ಮಗುವಿನ ಪರೀಕ್ಷೆಗೆ ದುಡ್ಡು ಹೊಂದಿಸಿದ ಮನೆಯಲ್ಲಿ ತಂಗಿಯ ಪರೀಕ್ಷೆಗೆ ದುಡ್ಡು ಯಾರು ಕೊಡುತ್ತಾರೆ, ಅದೂ ಕೊಟ್ಟ ಮನೆಯವರು? ಮತ್ತು ಲಿವರ್ ಎಂದು ಔಷಧ ಶುರುಮಾಡುವ ಮೊದಲು, ಮಗು ಗಂಡಾಗಿದ್ದು ನಡಿಗೆ ತಡವಾಗಿದ್ದರೆ, ಒಂದು ಸಿಪಿಕೆ. ಸಣ್ಣ ಊರಿನ ಲ್ಯಾಬಿನಲ್ಲೂ ಆಗುತ್ತದೆ.

ಪತ್ರ ಬರೆದ ಉಪನ್ಯಾಸಕರಿಗೂ ಒಂದು ವಿನಂತಿ. ತಾವು ಊರೂರಿಗೆ ಭಾಷಣಕ್ಕೆ ಹೋಗುವವರು ಎಂದು ನಿಮ್ಮ ಪತ್ರದಿಂದಲೇ ತಿಳಿಯಿತು. ಸಂಬಂಧದ ಮದುವೆ ಬೇಡ ಎಂದು ಹೇಳುವುದನ್ನು ಬಿಡಬೇಡಿ. ಅದರ ಜೊತೆಗೆ, ಮನೆತನದಲ್ಲಿ ಗಂಡು ಹುಡುಗರು ಕಾಲಿನ ಶಕ್ತಿ ಕಳೆದುಕೊಂಡು ತೀರಿಹೋದದ್ದುಂಟೋ, ತಾಯಿಯ ಕಡೆ ವಿಚಾರಿಸಿ ಎಂದೂ ಹೇಳಿ. ಬರಿ ಮದುವೆಯನ್ನು ಬೈದರೆ, ಹೊರಗಿನವರಿಗೆ ಕೊಟ್ಟಿದ್ದೇವೆ, ನಮಗೇನೂ ಆಗದು ಎಂದು ನನ್ನ ತಂಗಿಯಂಥವರು ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ.

ಮಗ ಈಗ ನಾಲ್ಕನೇ ತರಗತಿ. ಮೆಟ್ಟಿಲು ಆಗುವುದಿಲ್ಲ, ಬಯಲಲ್ಲಿ ನಡೆಯುತ್ತಾನೆ. ಹೆಡ್‌ಮಾಸ್ತರರು ಅವನ ತರಗತಿಯನ್ನು ಕೆಳಗೇ ಉಳಿಸಿದ್ದಾರೆ. ಕಾಯಿಲೆಯ ಹೆಸರು ಅವನಿಗೆ ಗೊತ್ತು, ಕೊನೆ ಗೊತ್ತಿಲ್ಲ, ಕೇಳಿದಷ್ಟಕ್ಕೆ ಉತ್ತರ ಕೊಡಿ ಎಂದಿದ್ದಾರೆ, ಹಾಗೇ ಮಾಡುತ್ತಿದ್ದೇವೆ.

ಕೊನೆಗೆ, ನನ್ನ ಹೆಸರು ಮತ್ತು ಊರನ್ನು ದಯವಿಟ್ಟು ಅಚ್ಚು ಮಾಡಬೇಡಿ. ನನಗಾಗಿ ಅಲ್ಲ. ಮಗಳ ಸುತ್ತಿನಲ್ಲಿ ಆ ಹುಡುಗಿ ಚುಕ್ಕೆ ಇಡಲಿಲ್ಲ, ಖಾಲಿಯೂ ಬಿಡಲಿಲ್ಲ, ಒಂದು ಪ್ರಶ್ನೆ ಚಿಹ್ನೆ ಹಾಕಿದಳು. ಈಗಲೇ ಪರೀಕ್ಷೆ ಬೇಡ, ಹದಿನೆಂಟಾದ ಮೇಲೆ ತಿಳಿದುಕೊಳ್ಳಬೇಕೋ ಬೇಡವೋ ಎಂದು ಅವಳೇ ನಿರ್ಧರಿಸಲಿ ಎಂದಳು. ಅದಕ್ಕಿಂತ ಮೊದಲೇ ಊರು ನಿರ್ಧರಿಸುವುದು ನನಗೆ ಬೇಡ.

ಇಂತಿ,
ಗದಗ ಜಿಲ್ಲೆಯ ಒಬ್ಬ ತಾಯಿ